ಒರೆ ಯಾರು ಹಿಡಿದಿದ್ದರು?

ವರದಾ ನದಿಯ ದಂಡೆಯಲ್ಲಿ ಹಿಂದೆ ರೇಚಯ್ಯ ಎಂಬ ಗುರುಗಳ ಗರಡಿ ಇತ್ತು. ಈಗ ಅಲ್ಲಿ ಒಂದು ಅತ್ತಿಮರ ಬಿಟ್ಟರೆ ಏನೂ ಇಲ್ಲ. ಆ ಮರದ ನೆರಳು ಮಾತ್ರ ಆಗಿನಷ್ಟೇ ತಂಪಾಗಿದೆ.

ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ತುಳಿದು ಹದ ಮಾಡುತ್ತಿದ್ದರು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಬದುಕಿರುವ ತನಕ ಬಿಡುತ್ತಿರಲಿಲ್ಲ. ಬಾಚನಿಗಂತೂ ಬಿಡಲೇ ಇಲ್ಲ.

ಬಾಚ ಮತ್ತು ಕೇತ ಒಂದೇ ವರ್ಷ ಗರಡಿ ಸೇರಿದವರು. ಆ ವರ್ಷ ಅಡುಗೆಮನೆಯಲ್ಲಿ ಗಂಗಾಳಗಳು ಸಾಲದೆ ಇಬ್ಬರಿಗೂ ಸೇರಿ ಒಂದು ಕೊಟ್ಟರು. ಆಮೇಲೆ ಬೇಕಾದಷ್ಟು ಗಂಗಾಳಗಳು ಬಂದವು. ಇವರು ಮಾತ್ರ ಒಂದರಲ್ಲೇ ಉಣ್ಣುತ್ತಿದ್ದರು. ಕೇತ ಮಾತಾಡುತ್ತ ಉಣ್ಣುವವನು, ಬಾಚ ಸುಮ್ಮನೆ ಉಣ್ಣುವವನು. ಹೀಗಾಗಿ ಹೆಚ್ಚು ಪಾಲು ಯಾರ ಹೊಟ್ಟೆಗೆ ಹೋಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ರೇಚಯ್ಯನವರು ಕೈಗೆ ಕತ್ತಿ ಕೊಡುವ ಮೊದಲು ಬಾಯಿಗೆ ಮಾತು ಕೊಡುತ್ತಿದ್ದರು. ತಡೆ, ತಿರುವು, ಇರಿ, ಕಡಿ. ಒಂದೊಂದು ಮಾತಿಗೂ ಅರ್ಥ ಕೇಳುತ್ತಿದ್ದರು. ಶಿಷ್ಯ ಬಾಯಲ್ಲಿ ಹೇಳಿ ಮೈಯಲ್ಲಿ ತೋರಿಸಬೇಕು.

ಒಂದು ದಿನ ಅತ್ತಿಮರದ ಕೆಳಗೆ ಕೂತು ಕೇಳಿದರು.

"ಬಾವಿಯಿಂದ ನೀರು?"

"ಸೇದ್ತೀವ್ರಿ," ಎಂದರು ಶಿಷ್ಯರು.

"ಹಗ್ಗ?"

"ಜಗ್ತೀವ್ರಿ."

"ಹಲ್ಲು?"

"ಕೀಳ್ತೀವ್ರಿ."

"ಕತ್ತಿ?"

"ಹಿರೀತೀವ್ರಿ."

"ಎಲ್ಲಾನೂ ಒಳಗಿಂದ ಹೊರಗ ಬರೂದ. ಕತ್ತಿಗೆ ಯಾಕ ಒಂದು ಬ್ಯಾರೆ ಮಾತು?"

ಕೇತನ ಬಾಯಿ ಸುಮ್ಮನಿದ್ದರೆ ತಾನೆ! "ಕತ್ತಿಗೆ ಸೊಕ್ಕು ಜಾಸ್ತಿರಿ ಅಯ್ಯಾರ. ಹಗ್ಗದ ಸಾಲಿನ್ಯಾಗ, ಹಲ್ಲಿನ ಸಾಲಿನ್ಯಾಗ ನಿಂದ್ರೂದಿಲ್ಲ."

ಎಲ್ಲರೂ ನಕ್ಕರು. ರೇಚಯ್ಯನವರೂ ನಕ್ಕರು. ಆಮೇಲೆ ಬಾಚನ ಕಡೆ ತಿರುಗಿದರು.

"ನೀ ಹೇಳೋ. ಹಿರಿಯೂದು ಅಂದ್ರ ಏನು?"

"ಒರೆಯಿಂದ ಕತ್ತಿ ಹೊರಗ ತಗಿಯೂದ್ರಿ."

"ಅಷ್ಟ ಏನು?"

"ಅಷ್ಟರಿ."

ರೇಚಯ್ಯನವರು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಎದ್ದು ನದಿಗೆ ಹೋದರು.

ಆ ಗರಡಿಯಲ್ಲಿ ಒಂದು ಕಟ್ಟುಪಾಡಿತ್ತು. ವರ್ಷವಿಡೀ ಮರದ ಕತ್ತಿ. ಮಹಾನವಮಿಯ ದಿನ ಮಾತ್ರ ನಿಜದ ಕತ್ತಿ. ಗುರುಗಳು "ಹಿರಿ" ಎಂದಾಗ ಹಿರಿಯಬೇಕು. ಹಿರಿದ ಕತ್ತಿಯನ್ನು ಒರೆಗೆ ಹಾಕುವಾಗ ಮಾತ್ರ ಇಬ್ಬರು ಬೇಕು. ಒಬ್ಬ ಒರೆಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದು ನಿಲ್ಲುತ್ತಾನೆ, ಅದರ ಬಾಯಿ ಕತ್ತಿ ಹಿಡಿದವನ ಕಡೆಗೆ. ಕತ್ತಿ ಹಿಡಿದವನು ಮೊನೆಯನ್ನು ಮೆಲ್ಲಗೆ ಒಳಗೆ ಇಳಿಸುತ್ತಾನೆ. ಹಿಡಿ ಬಂದು ಒರೆಯ ಬಾಯಿಗೆ ಠಕ್ಕೆಂದು ತಾಗಿದಾಗ ಒರೆ ಹಿಡಿದವನು "ಬಂತು" ಅನ್ನಬೇಕು.

ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಳೆಯ ಕಾಲದ ಉದ್ದ ಕತ್ತಿಗಳು, ಒಬ್ಬನ ಕೈಗೆ ಸಿಗಲಾರವು ಅಂತ ಇದ್ದೀತು ಎಂದುಕೊಂಡಿದ್ದರು.

ಬಾಚನ ಕತ್ತಿಗೆ ಯಾವಾಗಲೂ ಒರೆ ಹಿಡಿಯುತ್ತಿದ್ದವನು ಕೇತ. ಕೇತನ ಕತ್ತಿಗೆ ಬಾಚ.

ಒಂದು ವರ್ಷ ಮಹಾನವಮಿ ಹತ್ತಿರ ಬಂದಿತ್ತು. ಹುಡುಗರೆಲ್ಲ ಮರದ ಕೆಳಗೆ ಕೂತು ಒರೆಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಬಾಚ ತನ್ನದಕ್ಕೆ ಹಚ್ಚಿ ಮುಗಿಸಿ, ಒಳಗಿನ ನಿಜದ ಕತ್ತಿಯ ಸಮೇತ ಸೊಂಟಕ್ಕೆ ಕಟ್ಟಿಕೊಂಡಿದ್ದ. ಕೇತನಿಗೆ ಮಾತು ತುರಿಸುತ್ತಿತ್ತು. ಯಾರ ಕಾಲೆಳೆಯಲಿ ಎಂದು ಸುತ್ತ ನೋಡಿದ. ಬಾಚನ ಮೇಲೆ ಕಣ್ಣು ಬಿತ್ತು.

ಬಾಚನ ಅಪ್ಪ ದಂಡಿನಲ್ಲಿದ್ದವನು. ಒಂದು ಕಾಳಗದಲ್ಲಿ ಓಡಿಬಂದನೆಂದು ಊರವರು ಆಡಿಕೊಳ್ಳುತ್ತಿದ್ದರು. ಓಡಿದನೋ, ಗಾಯಗೊಂಡು ಬಂದನೋ, ಯಾರು ಕಂಡಿದ್ದರು? ಅವನು ಆ ಮಾತು ಹೊತ್ತುಕೊಂಡೇ ಸತ್ತ. ಗಂಗಾಳ ಹಂಚಿಕೊಂಡವನು ಅಂತ ಬಾಚ ಇದನ್ನು ಕೇತನೊಬ್ಬನಿಗೆ ಹೇಳಿದ್ದ.

ಕೇತ ಒಂದು ಬರಿಯ ಒರೆಯನ್ನು ಎತ್ತಿ ಹಿಡಿದ.

"ಬಾಚನ ಅಪ್ಪಂಗ ಇದೊಂದ ಸಾಕಾಗಿತ್ತು ನೋಡ್ರೋ. ಕತ್ತಿ ಯಾಕ ಬೇಕಿತ್ತು? ಓಡಾಕ ಭಾರ!"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಾಚನಿಗೆ ಮುಂದಿನದು ಗೊತ್ತಾಗಲಿಲ್ಲ. ಗೊತ್ತಾದಾಗ ಸೊಂಟದ ಕತ್ತಿ ಕೈಯಲ್ಲಿತ್ತು. ಅದರ ಮೊನೆ ಕೇತನ ಗಂಟಲ ಹತ್ತಿರ ಇತ್ತು. ಕೇತನ ಬಾಯಿ ನಗುವಿಗೆ ತೆರೆದದ್ದು ಹಾಗೇ ತೆರೆದುಕೊಂಡಿತ್ತು, ನಗು ಮಾತ್ರ ಇರಲಿಲ್ಲ. ಮುಖ ಸುಣ್ಣ ಬಳಿದಂತಾಗಿತ್ತು.

ಬಾಚ ತನ್ನ ಕೈಯನ್ನು ತಾನೇ ನೋಡಿದ. ನಾಚಿಕೆಯಾಯಿತು. ಸರಕ್ಕನೆ ಕತ್ತಿಯನ್ನು ಒರೆಗೆ ಹಾಕಿಬಿಟ್ಟ.

"ಸುಮ್ನ ಅಂಜಿಸಿದೆ," ಎಂದ.

ಯಾರೂ ನಗಲಿಲ್ಲ.

ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ರೇಚಯ್ಯನವರು ಒದ್ದೆ ಪಂಚೆಯನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ಬಂದರು.

"ಹಿರಿದ ಸಪ್ಪಳ ಕೇಳಿಸ್ತು. ಯಾರು?"

"ನಾನ್ರಿ," ಎಂದ ಬಾಚ. "ಆದ್ರ ಆಗಲೇ ಒರೆಗೆ ಹಾಕೀನ್ರಿ."

"ಅದು ನನಗ ಕೇಳಿಸಲಿಲ್ಲ."

"ಹಾಕೀನ್ರಿ, ನೋಡ್ರಿ." ಬಾಚ ಸೊಂಟ ತೋರಿಸಿದ.

"ಒರೆ ಯಾರು ಹಿಡಿದಿದ್ರು?"

ಬಾಚ ತಲೆ ತಗ್ಗಿಸಿದ. ಕೇತ ದೂರದಲ್ಲಿ ನಿಂತಿದ್ದ. ಅವನ ಕೈ ಇನ್ನೂ ಗಂಟಲ ಮೇಲಿತ್ತು.

ರೇಚಯ್ಯನವರು ಬಾಚನ ಸೊಂಟದಿಂದ ಒರೆಯನ್ನು ಬಿಚ್ಚಿಸಿದರು. ಕತ್ತಿಯನ್ನು ಅವನ ಕೈಗೆ ಕೊಟ್ಟರು. ಒರೆಯನ್ನು ತಾವು ಇಟ್ಟುಕೊಂಡರು.

"ಕತ್ತಿ ನಿಂದು. ತಗೊಂಡು ಹೋಗು. ಬ್ಯಾರೆ ಒರೆ ಮಾಡಿಸಬ್ಯಾಡ, ಅರಿವಿ-ಬಟ್ಟಿ ಸುತ್ತಬ್ಯಾಡ. ಹಿರಿಯೂದು ಅನ್ನೂ ಆ ಮಾತಿನ ಅರ್ಥ ಪೂರಾ ತಿಳಿದ ದಿನ ಬಾ."

"ಒಂದ ಗಳಿಗಿ ಸಿಟ್ಟಿಗೆ ಇಷ್ಟು ಶಿಕ್ಷಾ ಏನ್ರಿ ಅಯ್ಯಾರ?"

"ಶಿಕ್ಷಾ ಅಲ್ಲೋ ಬಾಚ. ಪಾಠ ಅರ್ಧಕ್ಕ ನಿಂತಿತ್ತು."

ಬಾಚ ನಮಸ್ಕಾರವನ್ನೂ ಮಾಡದೆ ಹೊರಟ. ಅಪ್ಪನ ಮಾತೆತ್ತಿದವನು ಗರಡಿಯ ಒಳಗೆ, ಕೇಳಿಸಿಕೊಂಡವನು ಹೊರಗೆ. ಇದೆಂಥ ನ್ಯಾಯ?

ದಡದಲ್ಲಿ ದೋಣಿ ಹೊರಡಲು ನಿಂತಿತ್ತು. ಬಾಚ ಕಾಲಿಡಲು ಹೋದ. ಅಂಬಿಗ ಹುಟ್ಟನ್ನು ಅಡ್ಡ ಹಿಡಿದ.

"ಮಂದಿ ಕುಂತ ದೋಣಿಯೊಳಗ ಬಿಚ್ಚುಗತ್ತಿ ತರತೀ ಏನು? ಒರೆಗೆ ಹಾಕ್ಕೊಂಡು ಬಾ."

"ಒರೆ ಇಲ್ಲ."

"ಹಂಗಾದ್ರ ದೋಣಿನೂ ಇಲ್ಲ."

ಬಾಚ ನೀರು ತಗ್ಗಿರುವ ಕಡೆ ಹುಡುಕಿ, ಕತ್ತಿಯನ್ನು ತಲೆಯ ಮೇಲೆ ಹಿಡಿದು ಎದೆಮಟ್ಟ ನೀರಿನಲ್ಲಿ ನಡೆದು ದಾಟಿದ. ಹಿಂತಿರುಗಿ ನೋಡಬಾರದೆಂದುಕೊಂಡಿದ್ದ, ನೋಡಿದ. ಅತ್ತಿಮರ ಕಂಡಿತು. ಅದರ ಕೆಳಗೆ ಯಾರೂ ಇರಲಿಲ್ಲ.

ಬಿಚ್ಚುಗತ್ತಿ ಹಿಡಿದು ಬದುಕುವುದೆಂದರೆ ಏನೆಂದು ಮೊದಲ ಕೆಲವು ದಿನಗಳಲ್ಲೇ ಗೊತ್ತಾಯಿತು. ಬಾವಿಯಲ್ಲಿ ನೀರು ಸೇದಬೇಕಾದರೆ ಅದನ್ನು ಎಲ್ಲಿಡಬೇಕು? ನೆಲಕ್ಕಿಟ್ಟರೆ ಯಾರದೋ ಮಗು ತುಳಿದೀತು. ಗೋಡೆಗೆ ಆನಿಸಿದರೆ ಬಿದ್ದೀತು. ಸಂತೆಯ ಸಂದಣಿಯಲ್ಲಿ ನುಗ್ಗುವಂತಿಲ್ಲ. ಮಲಗಿದರೆ ಮಗ್ಗುಲು ಬದಲಿಸುವಂತಿಲ್ಲ. ಮಳೆಗಾಲದಲ್ಲಿ ಎಣ್ಣೆ ಹಚ್ಚದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಕತ್ತಿ ಅವನನ್ನು ಕಾಯುವುದಿರಲಿ, ಅವನೇ ಕತ್ತಿಯನ್ನು ಕಾಯಬೇಕಾಯಿತು.

ಬಿಸಾಡಬೇಕೆಂದು ಎಷ್ಟೋ ಸಲ ಅನಿಸಿತು. ಬಿಸಾಡಿದರೆ ಗರಡಿಗೆ ಮರಳುವ ದಾರಿಯೂ ಅದರ ಜೊತೆಗೇ ಹೋಗುತ್ತಿತ್ತು. ಕೈಬಿಡಲಾಗಲಿಲ್ಲ.

ಕೊನೆಗೊಬ್ಬ ದಳವಾಯಿ ಅವನನ್ನು ಕಂಡು ಹಿಗ್ಗಿಬಿಟ್ಟ. "ಸದಾ ಹಿರಿದ ಕತ್ತಿ! ಇಂಥವ ಬೇಕು ನಮ್ಮ ಬಾಗಿಲಿಗೆ," ಎಂದು ಕೋಟೆಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ.

ಬಾಚನಿಗೆ ಮೊದಮೊದಲು ಖುಷಿಯಾಯಿತು. ಅವನು ನಡೆದರೆ ಜನ ಸರಿದು ದಾರಿ ಬಿಡುತ್ತಿದ್ದರು. ಓಡಿಬಂದವನ ಮಗನನ್ನು ಕಂಡು ಊರೇ ಸರಿಯುತ್ತಿದೆ ಎಂದು ಎದೆ ಉಬ್ಬಿತು. ವರ್ಷಗಳು ಹೋದವು. ಜನ ಸರಿಯುತ್ತಲೇ ಇದ್ದರು. ಉಳಿದ ಕಾವಲುಗಾರರು ಒಟ್ಟಿಗೆ ಕೂತು ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದರು. ಬಾಚ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ತನ್ನೊಡನೆ ಯಾರಾದರೂ ಒಂದು ಚೇಷ್ಟೆಯ ಮಾತಾಡಿ ಎಷ್ಟು ಕಾಲವಾಯಿತೆಂದು ಅವನು ಒಮ್ಮೆ ನೆನಪು ಮಾಡಿಕೊಂಡ. ನೆನಪಿಗೆ ಬಂದದ್ದು ಕೇತ. ಅವನ ಆ ಹಾಳು ಬಾಯಿ.

ಮಹಾನವಮಿಗೆ ಕೋಟೆಯಲ್ಲಿ ಆಯುಧಗಳಿಗೆ ಹೂ ಏರಿಸುತ್ತಿದ್ದರು. ಆಗ ಬಾಚನಿಗೆ ಗರಡಿಯ ಮಣ್ಣಿನ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಅಡರುತ್ತಿತ್ತು. ರೇಚಯ್ಯನವರ ಒಣ ಕೆಮ್ಮು, ಅತ್ತಿಹಣ್ಣು ನೀರಿಗೆ ಬೀಳುವ ಸಪ್ಪಳ, ಗಂಗಾಳದ ಆ ಕಡೆಯಿಂದ ಕೇತ ಅಂಬಲಿ ಸುರ್ರೆಂದು ಕುಡಿಯುತ್ತ ಮಾತಾಡುವುದು, ಎಲ್ಲ ನೆನಪಾಗುತ್ತಿತ್ತು. ಆ ದಿನಗಳಿಗಾಗಿ ಅವನಿಗೆ ಅಳು ಬರುತ್ತಿತ್ತು. ಆದರೂ ಹೊರಡಲಿಲ್ಲ. ಹೋಗಿ ಹೇಳುವುದಕ್ಕೆ ಉತ್ತರ ಎಲ್ಲಿತ್ತು?

ಒಂದು ಬೇಸಿಗೆ ದಳವಾಯಿಯ ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದ. ದಾರಿಯಲ್ಲಿ ಹಸಿವಾಗಿ ಒಂದು ಮನೆಯ ಮುಂದೆ ನಿಂತ. ಒಬ್ಬ ಮುದುಕಿ ಹೊರಗೆ ಬಂದಳು. ಅವಳ ಹಿಂದೆ ಮೊಮ್ಮಕ್ಕಳು ನಗುತ್ತ ಓಡಿಬಂದವು, ಕತ್ತಿ ಕಂಡದ್ದೇ ನಗು ನಿಲ್ಲಿಸಿ ಅವಳ ಸೆರಗಿನ ಮರೆಗೆ ಸೇರಿದವು.

ಮುದುಕಿ ರೊಟ್ಟಿಯನ್ನು ಜಗಲಿಯ ತುದಿಗೆ ಇಟ್ಟು ದೂರ ಸರಿದು ನಿಂತಳು.

"ಯಾರ ಮ್ಯಾಲ ಹಿರಿದೀಯಪ್ಪಾ?" ಎಂದು ಕೇಳಿದಳು.

"ಯಾರ ಮ್ಯಾಲೂ ಇಲ್ಲವ್ವಾ."

"ಹಂಗಂದ್ರ ಹೆಂಗೋ? ನನ್ನ ಮೊಮ್ಮಕ್ಕಳ ಮಾರಿ ನೋಡು. ತಮ್ಮ ಮ್ಯಾಲ ಹಿರಿದೀ ಅಂತ ತಿಳಕೊಂಡಾವು."

ಬಾಚ ಮಕ್ಕಳ ಮುಖ ನೋಡಿದ. ಆ ಮುಖ ಅವನಿಗೆ ಗೊತ್ತಿತ್ತು. ತೆರೆದ ಬಾಯಿ, ಒಳಗೆ ನಗು ಇಲ್ಲ. ಅತ್ತಿಮರದ ಕೆಳಗೆ ಆ ದಿನ ಕಂಡದ್ದೂ ಇದೇ ಮುಖ. ಅಂದು ಅವನು ಕತ್ತಿಯನ್ನು ಕೂಡಲೆ ಒರೆಗೆ ಹಾಕಿದ್ದ. ಆದರೆ ಕೇತನ ಮುಖದಿಂದ ಆ ಅಂಜಿಕೆ ಹೋಗಿತ್ತೇ? ಅದನ್ನು ಅವನು ನೋಡಿರಲೇ ಇಲ್ಲ. ತನ್ನ ಅಪ್ಪ, ತನ್ನ ಸಿಟ್ಟು, ತನ್ನ ಶಿಕ್ಷೆ ಎಂದು ಇಷ್ಟು ವರ್ಷ ತನ್ನನ್ನೇ ನೋಡಿಕೊಂಡಿದ್ದ.

ರೊಟ್ಟಿಯನ್ನು ಮುಟ್ಟದೆ ಜಗಲಿಯ ಮೇಲೇ ಬಿಟ್ಟ.

ಅವನು ಮುದುಕಿಗೆ ದೂರದಿಂದಲೇ ಕೈಮುಗಿದು ಹೊರಟ. ದಳವಾಯಿಯ ಕೆಲಸ ಮುಗಿಸಿಕೊಟ್ಟು, ಕಾವಲು ಬಿಟ್ಟು, ವರದೆಯ ದಾರಿ ಹಿಡಿದ. ಗುರುಗಳು ಇನ್ನೂ ಇದ್ದಾರೋ ಇಲ್ಲವೋ ಎಂಬ ದಿಗಿಲು ದಾರಿಯುದ್ದಕ್ಕೂ ಅವನ ಜೊತೆ ನಡೆಯಿತು.

ಅತ್ತಿಮರ ಇತ್ತು. ಮಣ್ಣಿನ ವಾಸನೆ ಇತ್ತು. ಬಾಚ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು ಆ ವಾಸನೆಯನ್ನು ಒಳಗೆಳೆದುಕೊಂಡ.

ಮರದ ಕೆಳಗೆ ರೇಚಯ್ಯನವರು ಕೂತಿದ್ದರು. ಮೈ ಇಳಿದು ಮೂಳೆಯಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಅಭ್ಯಾಸ ಮಾಡುತ್ತಿದ್ದ ಹೊಸ ಶಿಷ್ಯರು ಬಿಚ್ಚುಗತ್ತಿಯವನನ್ನು ಕಂಡು ನಿಂತುಬಿಟ್ಟರು.

"ಯಾಕ ನಿಂತ್ರಿ?" ಎಂದರು ರೇಚಯ್ಯನವರು. ಆಮೇಲೆ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟರು. "ಬಾಚ ಏನೋ?"

ಬಾಚನಿಗೆ ಅಳು ತಡೆಯಲಾಗಲಿಲ್ಲ. ಕತ್ತಿಯನ್ನು ದೂರ ನೆಲದ ಮೇಲಿಟ್ಟು ಬಂದು ಪಾದ ಹಿಡಿದ.

"ಹೌದ್ರಿ ಅಯ್ಯಾರ."

"ಹೋಗೂವಾಗ ನಮಸ್ಕಾರ ಮಾಡಿರಲಿಲ್ಲ. ಅದು ಈಗ ಬಂತು." ರೇಚಯ್ಯನವರು ಅವನ ತಲೆಯ ಮೇಲೆ ಕೈಯಿಟ್ಟರು. "ಅರ್ಥ ಸಿಕ್ತೇನು?"

"ಹೇಳಾಕ ಬರೂದಿಲ್ರಿ."

"ಮತ್ತ ಯಾಕ ಬಂದಿ?"

"ಕೇತನ್ನ ನೋಡಬೇಕ್ರಿ."

ರೇಚಯ್ಯನವರು ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು. "ಊಟಕ್ಕ ತಯಾರಿ ಮಾಡ್ರೋ. ಇವಂಗೂ ಅಂಬಲಿ ಹಾಕ್ರಿ."

ಶಿಷ್ಯರು ಗಂಗಾಳಗಳನ್ನು ಸಾಲಾಗಿ ಇಟ್ಟರು. ಬಿಚ್ಚುಗತ್ತಿಗೆ ಅಂಜಿ ಬಾಚನದೊಂದನ್ನು ದೂರ, ಜಗಲಿಯ ತುದಿಗಿಟ್ಟರು.

"ಅಯ್ಯಾರ, ನನ್ನ ಒರೆ?" ಎಂದು ಬಾಚ ಕೇಳಿದ.

"ನನ್ನ ಕಡೆ ಇಲ್ಲ. ನೀ ಹೋದ ದಿನಾನ ಕೊಟ್ಟುಬಿಟ್ಟೆ."

"ಯಾರಿಗ್ರಿ?"

ರೇಚಯ್ಯನವರು ನದಿಯ ಕಡೆ ಕೈ ತೋರಿದರು.

ಕೇತ ನೀರಿನ ಕೊಡ ಹೊತ್ತು ದಿಬ್ಬ ಏರಿ ಬರುತ್ತಿದ್ದ. ತಲೆಗೂದಲು ನೆರೆತಿತ್ತು. ಗುರುಗಳಿಗೆ ವಯಸ್ಸಾದ ಮೇಲೆ ಗರಡಿ ನೋಡಿಕೊಳ್ಳುವವನು ಈಗ ಅವನೇ. ಅವನ ಸೊಂಟದಲ್ಲಿ ಒಂದು ಒರೆ ತೂಗುತ್ತಿತ್ತು. ಅದರಲ್ಲಿ ಕತ್ತಿ ಇರಲಿಲ್ಲ. ಎಣ್ಣೆ ಕುಡಿದು ಕುಡಿದು ಅದರ ತೊಗಲು ಕಪ್ಪಗೆ ಹೊಳೆಯುತ್ತಿತ್ತು.

ಕೇತ ಬಾಚನನ್ನು ಕಂಡ. ನೆಲದ ಮೇಲಿದ್ದ ಬಿಚ್ಚುಗತ್ತಿಯನ್ನು ಕಂಡ. ಕೊಡ ಇಳಿಸಿದ. ಅವನ ಕೈ ತಾನಾಗಿಯೇ ಗಂಟಲಿಗೆ ಹೋಯಿತು.

ಬಾಚ ಆ ಗಂಟಲನ್ನು ನೋಡಿದ. ಕೇತನ ಪಾಲಿಗೆ ಕತ್ತಿ ಇನ್ನೂ ಅಲ್ಲೇ ಇತ್ತು. ಅಂದು ಎಲ್ಲಿ ಹಿಡಿದಿದ್ದನೋ ಅಲ್ಲೇ.

"ಕೇತಾ," ಎಂದ ಬಾಚ. "ಅಂಜಬ್ಯಾಡೋ. ನಾ ಅಂಜಿಸಿದ್ದು ತಪ್ಪಾತು."

ಕೇತ ಕೈ ಇಳಿಸಿದ.

"ಅಪ್ಪನ ಮಾತು ನಾ ಎತ್ತಬಾರದಿತ್ತು," ಎಂದ. ಸೊಂಟದ ಒರೆಯನ್ನು ಮುಟ್ಟಿಕೊಂಡ. "ಇದೊಂದನ್ನ ಕಟ್ಟಿಕೊಂಡು ಅಡ್ಡಾಡೂದು ಹೆಂಗಿರತೈತಿ ಅಂತ ನನಗೂ ಗೊತ್ತಾಗೈತಿ. ಹುಡುಗರು ನನಗ ಬರೀ ಒರೆ ಮಾಸ್ತರ ಅಂತಾರ. ಹಿಂದಿಂದ ನಗತಾರ."

"ಬಿಚ್ಚಿ ಇಡಬಾರದಾಗಿತ್ತೇನೋ?"

"ಬಿಚ್ಚಿಟ್ಟರ ನೀ ಬಂದಾಗ ಏನು ಹಿಡೀಲಿ?"



ಕೇತ ಒರೆಯನ್ನು ಸೊಂಟದಿಂದ ಬಿಚ್ಚಿದ. ಎದೆಯ ಮಟ್ಟಕ್ಕೆ ಎರಡೂ ಕೈಯಲ್ಲಿ ಹಿಡಿದು ನಿಂತ, ಅದರ ಬಾಯಿ ಬಾಚನ ಕಡೆಗೆ.

ಬಾಚ ಕತ್ತಿ ಎತ್ತಿಕೊಂಡ. ಇಷ್ಟು ವರ್ಷ ಒಮ್ಮೆಯೂ ಒರೆಗೆ ಹಾಕದ ಕೈಗೆ ಅಳತೆ ತಪ್ಪಿತು. ಮೊನೆ ಒರೆಯ ಬಾಯಿ ತಪ್ಪಿ ಅಂಚಿಗೆ ತಾಗಿತು. ಅದರ ನೇರಕ್ಕೆ ಕೇತನ ಎದೆ.

ಕೇತ ಹಿಂದೆ ಸರಿಯಲಿಲ್ಲ.

"ಸಾವಕಾಶ ಮಾಡೋ," ಎಂದ. "ನನಗ ಬ್ಯಾರೆ ಎದಿ ಇಲ್ಲ."

ಬಾಚನಿಗೆ ಅಳುವಿನ ನಡುವೆ ನಗು ಬಂತು. ಅದೇ ಹಾಳು ಬಾಯಿ. ಕೈ ಹದಕ್ಕೆ ಬಂತು. ಮೊನೆ ಒರೆಯ ಬಾಯಿ ಹುಡುಕಿಕೊಂಡಿತು. ಮೆಲ್ಲಗೆ, ಗುರುಗಳು ಕಲಿಸಿದ ಹಾಗೆ, ಅದು ಒಳಗೆ ಇಳಿಯಿತು. ಹಿಡಿ ಒರೆಗೆ ಠಕ್ಕೆಂದು ತಾಗಿತು.

"ಬಂತು," ಎಂದ ಕೇತ.

ಅತ್ತಿಮರದ ಕೆಳಗೆ ರೇಚಯ್ಯನವರು ಕಣ್ಣು ಮುಚ್ಚಿ ಕೂತಿದ್ದರು. ಒಮ್ಮೆ ಕೆಮ್ಮಿದರು. ಆಮೇಲೆ ಹುಡುಗರನ್ನು ಕರೆದು ಹೇಳಿದರು:

"ಈಗ ಕೇಳಿಸ್ತು. ಜಗಲಿ ತುದಿಗಿಟ್ಟ ಆ ಗಂಗಾಳ ತಗದು ಒಳಗ ಇಡ್ರೋ. ಇವರಿಬ್ಬರಿಗೂ ಒಂದ ಸಾಕು."